ಮಂಗಳ ಗ್ರಹದಲ್ಲಿ ಬೆಟ್ಟ ಕಾಣೆಯಾಗಿದೆ

ನಿಜ ಹೇಳಿದ್ದೇ ತಪ್ಪಾಯಿತು. "ನಮ್ಮ ಆಟದ ಮಂಗಳ ಗ್ರಹದಲ್ಲಿ ಗುಡ್ಡ ಗುಂಡಿಯೆಲ್ಲ ಅಸಲಿ" ಎಂದು ನಕ್ಷೆಯಣ್ಣ ಎದೆ ತಟ್ಟಿಕೊಂಡು ಹೇಳಿಬಿಟ್ಟಿದ್ದ. ವಿಡಿಯೋ ಗೇಮ್ ತಯಾರಿಸುವ ಆ ಪುಟ್ಟ ಕಚೇರಿಯಲ್ಲಿ ಆಟದ ನೆಲ ರೂಪಿಸುವುದು ಅವನ ಕೆಲಸ; ಅದಕ್ಕೇ ಆ ಹೆಸರು. ಉಪಗ್ರಹಗಳು ಅಳೆದು ಕೊಟ್ಟ ಏರುತಗ್ಗುಗಳನ್ನು ಆರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಿಸಿದ್ದ. ಇವತ್ತು ನಾಲ್ಕು ಗಂಟೆಗೆ ಶಾಲೆಗಳಿಗೆ ಆಟ ಆರಿಸುವ ಮೇಡಂ ಬರುವವರಿದ್ದರು. ಅವರು ಒಪ್ಪಿದರೆ ನಕ್ಷೆಯಣ್ಣನ ಕೆಲಸ ಖಾಯಂ, ಇಲ್ಲದಿದ್ದರೆ ಮನೆಯ ದಾರಿ.

ಬೆಳಿಗ್ಗೆ ಹತ್ತಕ್ಕೆ ಯಜಮಾನರು ಆಡಲು ಕೂತರು. ಪರದೆಯ ಮೇಲಿನ ಗಗನಯಾತ್ರಿಯನ್ನು ಕಾಲು ಗಂಟೆ ನಡೆಸಿದರು. ಎತ್ತ ನೋಡಿದರೂ ಕೆಂಪು ಬಯಲು.

"ಸೌರಮಂಡಲದಲ್ಲೇ ದೊಡ್ಡ ಬೆಟ್ಟ ಅಂದಿದ್ರಲ್ಲ, ಎಲ್ರೀ ಅದು?"

"ಅದರ ಮೇಲೇ ಇದ್ದೀರಲ್ಲ ಸಾರ್."

ಯಜಮಾನರು ಕುರ್ಚಿಯ ಕೆಳಗೆ ಬಗ್ಗಿ ನೋಡಿದರು.

"ಎತ್ತರ ಇಪ್ಪತ್ತೆರಡು ಕಿಲೋಮೀಟರ್ ಸಾರ್. ಆದ್ರೆ ಅಗಲ ಆರುನೂರು. ಹತ್ತೋರಿಗೆ ಹತ್ತುತಾ ಇದೀವಿ ಅಂತಾನೇ ಗೊತ್ತಾಗಲ್ಲ."

"ದೂರದ ಬೆಟ್ಟ ನುಣ್ಣಗೆ ಅಂತಾರೆ. ನಿಮ್ಮದು ಹತ್ತಿರದಿಂದ್ಲೂ ನುಣ್ಣಗೇ ಇದೆಯಲ್ರೀ! ನಾಲ್ಕರೊಳಗೆ ನಂಗೊಂದು ಬೆಟ್ಟ ಎದ್ದು ನಿಲ್ಬೇಕು, ಅಷ್ಟೇ!"

ಕಚೇರಿಯೇ ನಕ್ಷೆಯಣ್ಣನ ಬೆನ್ನ ಹಿಂದೆ ನೆರೆಯಿತು. ಬಿಟ್ಟಿ ಸಲಹೆಗೇನು ಬರ? ಚಿತ್ರಗಳಿಗೆ ಬಣ್ಣ ತುಂಬುವ ಬಣ್ಣದಕ್ಕ, "ಚೂಪಗೆ ಮಾಡಣ್ಣ, ತುದಿಗೆ ಹಿಮ ನಾನು ಬಳಿತೀನಿ" ಎಂದಳು. ಅಷ್ಟರಲ್ಲಿ ನಕ್ಷೆಯಣ್ಣನ ಹೆಂಡತಿಯ ಫೋನು.

"ರೀ, ಇವತ್ತಾದ್ರೂ ಅರ್ಧ ಗಂಟೆ ನಡೆದ್ರಾ? ಡಾಕ್ಟ್ರು ಏನು ಹೇಳಿದ್ರು ನೆನಪಿದೆ ತಾನೆ?"

"ಇಲ್ಲಿ ಕೆಲಸವೇ ನನ್ನ ಬಿಟ್ಟು ನಡೆದು ಹೋಗೋ ಹಾಗಿದೆ, ಇಡೇ ಫೋನು!"

ಅಸಲಿ ಬೆಟ್ಟವನ್ನು ಸಂಕಟದಿಂದಲೇ ಬೇರೆ ಕಡೆ ಎತ್ತಿಟ್ಟು, ನಕ್ಷೆಯಣ್ಣ ಚೂಪಾದದ್ದೊಂದನ್ನು ಎಬ್ಬಿಸಿದ. ಗಗನಯಾತ್ರಿ ನಾಲ್ಕು ಹೆಜ್ಜೆ ಹತ್ತಿ ಜಾರಿಬಿದ್ದ. ಬಣ್ಣದಕ್ಕ ಮೆಟ್ಟಿಲು ಹಾಕಿಸಿದಳು. ಮೆಟ್ಟಿಲಲ್ಲೂ ಬಿದ್ದ, ಹಿಡಿದುಕೊಳ್ಳಲು ಕಂಬಿ ಬಂತು. "ಪಾಪ, ಮೇಲೆ ಹೋಗಿ ಸುಸ್ತಾಗಿರ್ತಾನೆ" ಎಂದು ಯಜಮಾನರೇ ನೆತ್ತಿಯಲ್ಲೊಂದು ಕಲ್ಲುಬೆಂಚು ಇಡಿಸಿದರು.

ನಾಲ್ಕಕ್ಕೆ ಮೇಡಂ ಬಂದರು. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವರು. ಪರದೆ ನೋಡಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಮಂಗಳ ಗ್ರಹಕ್ಕೆ ಮೆಟ್ಟಿಲು ಕಟ್ಟಿಸಿದ್ದು ಯಾರು?"

"ಇವರೇ ಮೇಡಂ," ಎಂದರು ಯಜಮಾನರು, ಕಣ್ಣು ಮಿಟುಕಿಸದೆ.

ನಕ್ಷೆಯಣ್ಣನಿಗೆ ರೋಸಿಹೋಯಿತು. ಹೇಗೂ ಮುಳುಗಿದ ಮೇಲೆ ಚಳಿಯೇನು, ಮಳೆಯೇನು? "ಅಸಲಿ ಬೆಟ್ಟಾನೂ ಇದೆ ಮೇಡಂ. ನೋಡ್ತೀರಾ?" ಎಂದು ಅದನ್ನೇ ತೆರೆದಿಟ್ಟ.

ಮೇಡಂ ನಡೆಸಿದರು. ಐದು ನಿಮಿಷ, ಹತ್ತು ನಿಮಿಷ. "ಬೆಟ್ಟ ಎಲ್ಲಪ್ಪ?"

"ಅದರ ಮೇಲೇ ಇದ್ದೀರಿ," ಎಂದ ನಕ್ಷೆಯಣ್ಣ.

ಮೇಡಂ ಸುತ್ತ ತಿರುಗಿಸಿ ನೋಡಿದರು. ಅವರ ಕಣ್ಣು ತುಂಬಿಬಂತು. "ಮೇಲೆ ನಿಂತ್ರೂ ಈ ಬೆಟ್ಟ ಕಾಣಲ್ಲ ಅಂತ ಮೂವತ್ತು ವರ್ಷ ಹೇಳಿದೆ ಕಣಪ್ಪ. ಒಂದು ಮಗೂನೂ ನಂಬಲಿಲ್ಲ. ಇನ್ನು ಅವರೇ ನಿಂತು ನೋಡ್ತಾರೆ. ಎಲ್ಲಾ ಶಾಲೆಗೂ ಇದೇ ಬೇಕು!"

ನಕ್ಷೆಯಣ್ಣನಿಗೆ ಕುಣಿದಾಡುವಷ್ಟು ಖುಷಿಯಾಯಿತು. ಯಜಮಾನರು ಅಲ್ಲೇ, "ನಿಮ್ಮ ಕೆಲಸ ಖಾಯಂ ಕಣ್ರೀ!" ಎಂದು ಬೆನ್ನು ತಟ್ಟಿದರು.

"ಒಂದೇ ಷರತ್ತು," ಎಂದರು ಮೇಡಂ. "ಆಟದ ನೆಲದಲ್ಲಿ ಎಲ್ಲೋ ತೂತು ಉಳಿದು, ಯಾವ ಮಗೂನೂ ನಡುದಾರೀಲಿ ಒಳಗೆ ಬಿದ್ದುಹೋಗಬಾರದು. ಬುಡದಿಂದ ತುದಿವರೆಗೂ ಯಾರಾದ್ರೂ ಒಂದ್ಸಲ ನಡೆದು ನೋಡಿ. ಎಷ್ಟು ದೂರ?"

"ಮುನ್ನೂರು ಕಿಲೋಮೀಟರ್ ಮೇಡಂ. ದಿನಕ್ಕೆ ಎಂಟು ಗಂಟೆ ಗುಂಡಿ ಒತ್ತಿ ಹಿಡಿದು ನಡೆಸಿದ್ರೆ ಎಂಟು ದಿನ," ಎಂದ ನಕ್ಷೆಯಣ್ಣ. ನಿಜ ಹೇಳುವ ಚಟ!

"ಯಾರು ನಡೀತಾರೆ?"

"ಇವರೇ ಮೇಡಂ," ಎಂದರು ಯಜಮಾನರು.

ನಕ್ಷೆಯಣ್ಣ ಹೆಂಡತಿಗೆ ಫೋನಾಯಿಸಿದ. "ಕೆಲಸ ಖಾಯಂ ಆಯ್ತು ಕಣೇ! ನಾಳೆಯಿಂದ ದಿನಾ ನಲವತ್ತು ಕಿಲೋಮೀಟರ್ ನಡಿಗೆ!"

"ಅಯ್ಯೋ, ಅಷ್ಟೊಂದಾ?" ಎಂದವಳು ತಟ್ಟನೆ ಕೇಳಿದಳು: "ಕೂತ್ಕೊಂಡೋ, ನಿಂತ್ಕೊಂಡೋ?"

"...ಕೂತ್ಕೊಂಡು."

"ಹಾಗಾದ್ರೆ ಮನೆಗೆ ನಡ್ಕೊಂಡು ಬನ್ನಿ. ಲಿಫ್ಟ್ ಹತ್ತಿದ್ರೆ ಬಾಗಿಲು ತೆಗೆಯಲ್ಲ."

ಮನೆ ನಾಲ್ಕನೇ ಮಹಡಿಯಲ್ಲಿತ್ತು. ಸೌರಮಂಡಲದ ಅತಿ ದೊಡ್ಡ ಬೆಟ್ಟ ಹತ್ತಲಿರುವ ನಕ್ಷೆಯಣ್ಣ, ಎರಡನೇ ಮಹಡಿಗೇ ಕಂಬಿ ಹಿಡಿದು ಏದುಸಿರು ಬಿಡುತ್ತಾ, ಇಲ್ಲೊಂದು ಕಲ್ಲುಬೆಂಚು ಇದೆಯೇ ಎಂದು ಸುತ್ತ ನೋಡಿದ.