ಶಿವಮೊಗ್ಗದ ಗುರುತ್ವ ಹನ್ನೊಂದು ಪಾಯಿಂಟ್ ಎರಡು

ಶಿವಮೊಗ್ಗ ನಗರದಲ್ಲಿ ಭೂಮಿಯ ಗುರುತ್ವ ಹನ್ನೊಂದು ಪಾಯಿಂಟ್ ಎರಡು ಎಂದು ನಮ್ಮ ವಿಶ್ವವಿದ್ಯಾಲಯ ಸರ್ವಾನುಮತದಿಂದ ಅಂಗೀಕರಿಸಿದೆ. ಉಳಿದ ಪ್ರಪಂಚದಲ್ಲಿ ಅದು ಒಂಬತ್ತು ಪಾಯಿಂಟ್ ಎಂಟು. ಅದು ಅವರವರ ಹಣೆಬರಹ, ನಾವು ಯಾರನ್ನೂ ಹಂಗಿಸುವುದಿಲ್ಲ.

ವಿಶ್ವವಿದ್ಯಾಲಯದ ಹೆಸರು ಇಲ್ಲಿ ಹಾಕುತ್ತಿಲ್ಲ. ಹಾಕಬೇಕಾದರೆ ಕುಲಸಚಿವರ ಅನುಮತಿ ಬೇಕು, ಅನುಮತಿ ಕೇಳಬೇಕಾದರೆ ನಾನು ಇದನ್ನು ಬರೆದೇ ಇಲ್ಲ ಎಂದು ಮುಚ್ಚಳಿಕೆ ಕೊಡಬೇಕು. ನಾನು ಗಂಗಾಧರಪ್ಪ, ಭೌತಶಾಸ್ತ್ರ ವಿಭಾಗದ ಕಚೇರಿ ಅಧೀಕ್ಷಕ. ಓದಿದ್ದು ಬಿ.ಕಾಂ. ಆದರೂ ಇಷ್ಟು ವರ್ಷ ಭೌತಶಾಸ್ತ್ರದ ಕಡತಗಳ ಮಧ್ಯೆ ಕೂತವನಾದ್ದರಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಪ್ರಕೃತಿಯ ನಿಯಮಗಳು ಎಷ್ಟೇ ದೊಡ್ಡವಿರಲಿ, ಯಾವುದಕ್ಕೂ ಮೇಲಧಿಕಾರಿಯ ಸಹಿ ಆಗಿಲ್ಲ.

ಮೊದಲು ನಮ್ಮ ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆಯ ಪದ್ಧತಿ ತಿಳಿಸಬೇಕು. ದಾರಕ್ಕೆ ಗುಂಡು ಕಟ್ಟಿ ತೂಗಿಬಿಡಬೇಕು, ಅದು ಇಷ್ಟು ಸಲ ಆಚೀಚೆ ಹೋಗಿ ಬರಲು ಎಷ್ಟು ಸೆಕೆಂಡ್ ಆಯಿತು ಎಂದು ಸ್ಟಾಪ್‌ವಾಚಿನಲ್ಲಿ ನೋಡಬೇಕು, ಅದರಿಂದ ಭೂಮಿಯ ಗುರುತ್ವ ಲೆಕ್ಕ ಹಾಕಬೇಕು. ಇದು ಪುಸ್ತಕದ ಮಾತು. ವಿಭಾಗದಲ್ಲಿರುವ ಸ್ಟಾಪ್‌ವಾಚ್ ಒಂದೇ. ಅತಿ ಕಡಿಮೆ ದರದ ಟೆಂಡರಿನಲ್ಲಿ ಬಂದ ಅದನ್ನು ಗಣ್ಯರೊಬ್ಬರು ರಿಬ್ಬನ್ ಕತ್ತರಿಸಿ ಉದ್ಘಾಟಿಸಿದ್ದಾರೆ. ಉದ್ಘಾಟನೆಯಾದ ವಸ್ತುವನ್ನು ಬಳಸಿದರೆ ಸವೆಯುತ್ತದೆ ಎಂದು ಗಾಜಿನ ಬೀರುವಿನಲ್ಲಿ ಇಟ್ಟಿದ್ದೆವು, ಆಯುಧಪೂಜೆಗೆ ಮಾತ್ರ ಹೊರಗೆ ತೆಗೆಯುತ್ತಿದ್ದೆವು.

ಆದಕಾರಣ ಪರೀಕ್ಷೆಯ ದಿನ ಬೆಳಿಗ್ಗೆ ನಮ್ಮ ಅಟೆಂಡರ್ ಹೊನ್ನಯ್ಯ ಬೋರ್ಡಿನ ಮೇಲೆ ಉತ್ತರ ಬರೆಯುತ್ತಾನೆ. ಆ ಉತ್ತರ ಬರಬೇಕಾದರೆ ಎಷ್ಟೆಷ್ಟು ಸೆಕೆಂಡ್ ಬಂದಿರಬೇಕು ಎಂಬುದನ್ನೂ ಕೆಳಗೆ ಬರೆಯುತ್ತಾನೆ. ವಿದ್ಯಾರ್ಥಿಗಳು ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ತುಂಬುತ್ತಾರೆ. ಎಲ್ಲರಿಗೂ ಒಂಬತ್ತು ಪಾಯಿಂಟ್ ಎಂಟೇ ಬರುತ್ತದೆ. ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲೂ ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ ಎಂದು ತಪಾಸಣೆಗೆ ಬಂದವರು ಬರೆದು ಹೋಗಿದ್ದಾರೆ.

ಹೀಗೆ ಸುಖವಾಗಿ ನಡೆಯುತ್ತಿದ್ದಾಗ ಹೊಳಲೂರಿನ ಸುಮನಾ ಎಂಬ ಕೊನೇ ವರ್ಷದ ಹುಡುಗಿಗೆ ಪರೀಕ್ಷೆಯಲ್ಲಿ ಕಂಬದ ಹಿಂದಿನ ಜಾಗ ಬಂತು. ಒಳ್ಳೆಯ ಹುಡುಗಿ, ಆದರೆ ಹಠಮಾರಿ. ಸೊಪ್ಪಿನವಳು ಒಂದು ಕಂತೆ ಕಡಿಮೆ ಕೊಟ್ಟರೂ ಬಿಡದೆ ಕೇಳುವ ಜಾತಿ. ಅವಳಿಗೆ ಮೈಸೂರಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು, ಪ್ರಾಕ್ಟಿಕಲ್ ಪಾಸಾದರೆ ಸೀಟು, ಇಲ್ಲದಿದ್ದರೆ ಇಲ್ಲ. ಒಂಬತ್ತು ಪಾಯಿಂಟ್ ಎಂಟು ಅವಳಿಗೂ ಗೊತ್ತು. ಆದರೆ ಬೋರ್ಡಿನ ಮೇಲಿನ ಸೆಕೆಂಡುಗಳು ಕಂಬದ ಮರೆಯಲ್ಲಿದ್ದವು. ಎದ್ದು ಬಂದು ಸ್ಟಾಪ್‌ವಾಚ್ ಕೇಳಿದಳು. ಹಿಂದೆ ಯಾರೂ ಕೇಳಿರಲಿಲ್ಲವಾದ್ದರಿಂದ ಕೊಡಬಾರದು ಎಂಬ ನಿಯಮವೂ ಇರಲಿಲ್ಲ. ಹೊನ್ನಯ್ಯ ಅದಕ್ಕೆ ಅಂಟಿದ್ದ ಕುಂಕುಮ ಒರೆಸಿ ಕೊಟ್ಟ.

ವಿಭಾಗದ ಮುಖ್ಯಸ್ಥರಾದ ಡಾ. ರೇಣುಕಾಪ್ರಸಾದ್ ಅವಳ ಹಾಳೆ ನೋಡಿ ಕನ್ನಡಕ ತೆಗೆದರು.

"ಏನಮ್ಮಾ ಇದು, ಹನ್ನೊಂದು ಪಾಯಿಂಟ್ ಎರಡು?"

"ಬಂದಿದ್ದು ಬರ್ದೆ ಸಾರ್."

"ಮೂರು ವರ್ಷ ಇಲ್ಲಿ ಏನು ಕಲಿತೆ ಮಾರಾಯ್ತಿ? ಎಲ್ಲರೂ ಬರ್ದಂಗೆ ಬರಿಯೋಕೆ ಏನು ಕಷ್ಟ?"

"ಕಂಬ ಅಡ್ಡ ಇತ್ತು ಸಾರ್, ಬೋರ್ಡ್ ಕಾಣ್ಲಿಲ್ಲ. ಅದಕ್ಕೆ ಪ್ರಯೋಗ ಮಾಡ್ಬಿಟ್ಟೆ."

ಮಾಡಬಾರದ್ದನ್ನು ಮಾಡಿದವರ ದನಿಯಲ್ಲೇ ಹೇಳಿದಳು ಪಾಪ. ಆದರೂ ಅವರು ಹಾಕಿದ ಸೊನ್ನೆ ಸೊನ್ನೆಯೇ.

ಮಾರನೇ ದಿನವೇ ಅವಳು ಅರ್ಜಿ ಹಿಡಿದು ನನ್ನ ಮೇಜಿನ ಮುಂದೆ ನಿಂತಳು. ಲೆಕ್ಕ ಸರಿಯಿದೆ, ಸ್ಟಾಪ್‌ವಾಚೇ ನಿಧಾನ ಓಡುತ್ತಿರಬಹುದು, ಪರೀಕ್ಷಿಸಿ ನೋಡಬೇಕು ಎಂದು ಬರೆದಿದ್ದಳು.

"ಸಾರ್, ನನ್ನ ಮೊಬೈಲ್ ಪಕ್ಕ ಇಟ್ಟು ನೋಡಿದ್ರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ."

"ಪ್ರಯೋಗಾಲಯಕ್ಕೆ ಮೊಬೈಲ್ ತರಂಗಿಲ್ಲಮ್ಮ."

"ಹಂಗಾದ್ರೆ ವಾಚನ್ನೇ ಹೊರಗೆ ತನ್ನಿ."

"ಪ್ರಯೋಗಾಲಯದ ವಸ್ತು ಹೊರಗೆ ತರಂಗಿಲ್ಲ."

ನನಗೆ ನಿಜವಾಗಿಯೂ ಅಯ್ಯೋ ಅನ್ನಿಸಿತು. ನನಗೂ ಆ ವಯಸ್ಸಿನ ಮಗಳಿದ್ದಾಳೆ. ಅದಕ್ಕೇ ಅರ್ಜಿಯನ್ನು ಕಸದಬುಟ್ಟಿಗೆ ಹಾಕದೆ ವಿಚಾರಣಾ ಸಮಿತಿಗೆ ಹಾಕಿದೆ.

ಸಮಿತಿಗೆ ರೇಣುಕಾಪ್ರಸಾದರೇ ಅಧ್ಯಕ್ಷರು. ಸ್ಟಾಪ್‌ವಾಚ್ ಖರೀದಿ ಸಮಿತಿಗೂ ಅವರೇ ಅಧ್ಯಕ್ಷರಾಗಿದ್ದರಿಂದ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಭೆಯಲ್ಲಿ ಮೂವರನ್ನು ಶಂಕಿತರೆಂದು ಗುರುತಿಸಲಾಯಿತು: ಹುಡುಗಿ, ಗಡಿಯಾರ, ಭೂಮಿ. ಹುಡುಗಿ ಲೆಕ್ಕ ತಪ್ಪಿಲ್ಲ, ಸಿಸಿ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿದೆ. ಗಡಿಯಾರಕ್ಕೆ ಮಾರಿದವನೇ ಬರೆದುಕೊಟ್ಟ ಪ್ರಮಾಣಪತ್ರವಿದೆ, ಮೇಲಾಗಿ ಅದು ಉದ್ಘಾಟನೆಯಾಗಿದೆ. ಉಳಿದದ್ದು ಭೂಮಿ. ಭೂಮಿಯ ಹತ್ತಿರ ಯಾವ ಪ್ರಮಾಣಪತ್ರವೂ ಇರಲಿಲ್ಲ.

ಆದರೂ ನಾವು ಏಕಪಕ್ಷೀಯವಾಗಿ ತೀರ್ಮಾನಿಸಲಿಲ್ಲ. ಭೂಮಿಗೆ ಕಾರಣ ಕೇಳಿ ನೋಟಿಸ್ ಜಾರಿ ಮಾಡಿ, ಒಂದು ಪ್ರತಿಯನ್ನು ವಿಭಾಗದ ಅಂಗಳದಲ್ಲಿ ನೆಲಕ್ಕೆ ಅಂಟಿಸಿದೆವು. ಹೊನ್ನಯ್ಯ ಮೈದಾ ಅಂಟು ಕಲಸಿ ತಾನೇ ಅಂಟಿಸಿ, ಸಾಕ್ಷಿಗೆ ಫೋಟೋ ತೆಗೆದ. ಗಡುವಿನೊಳಗೆ ಉತ್ತರ ಬರಲಿಲ್ಲ. ಉತ್ತರ ಬಾರದಿದ್ದರೆ ಆರೋಪ ಒಪ್ಪಿಕೊಂಡಂತೆ ಎಂಬುದು ನೌಕರರಿಗೆಲ್ಲ ಗೊತ್ತಿರುವ ನಿಯಮ, ಭೂಮಿಗೇನು ಬೇರೆ ನಿಯಮವೇ? ಕೆಳಕಂಡ ಪ್ರಕಟಣೆಯನ್ನು ನಾನೇ ಟೈಪ್ ಮಾಡಿದೆ:

"ಈ ಮೂಲಕ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಮುಂದಿನ ಶೈಕ್ಷಣಿಕ ಸಾಲಿನಿಂದ ಶಿವಮೊಗ್ಗ ನಗರ ವ್ಯಾಪ್ತಿಯಲ್ಲಿ ಗುರುತ್ವವು ಹನ್ನೊಂದು ಪಾಯಿಂಟ್ ಎರಡು ಆಗಿರತಕ್ಕದ್ದು. ಸದರಿ ವ್ಯಾಪ್ತಿಯಲ್ಲಿ ಕೆಳಗೆ ಬೀಳುವ ಸಮಸ್ತ ವಸ್ತುಗಳೂ ಇದನ್ನು ತಪ್ಪದೆ ಪಾಲಿಸತಕ್ಕದ್ದು. ಈಗಾಗಲೇ ಬಿದ್ದಿರುವ ವಸ್ತುಗಳಿಗೆ ಇದು ಅನ್ವಯಿಸುವುದಿಲ್ಲ."

ಊರಿಗೆ ಊರೇ ಹಿಗ್ಗಿತು. ವಿದ್ಯಾನಗರದ ಮನೆಮಾಲೀಕರು ಬಾಡಿಗೆ ಬೋರ್ಡಿನಲ್ಲಿ ಕಾವೇರಿ ನೀರು ಇಲ್ಲದಿದ್ದರೇನು, ತುಂಗೆಯ ನೀರು ಮತ್ತು ಹೆಚ್ಚಿನ ಗುರುತ್ವ ಉಂಟು ಎಂದು ಬರೆಸಿದರು. ಎತ್ತರ ಜಿಗಿತದಲ್ಲಿ ಕೊನೆಯ ಸ್ಥಾನಕ್ಕೆ ಬಂದಿದ್ದ ನಮ್ಮ ಹುಡುಗನನ್ನು ಕರೆಸಿ ಶಾಲು ಹೊದಿಸಲಾಯಿತು. ಅಡಿಕೆ ಮಂಡಿಯಲ್ಲಿ ಮಾತ್ರ ಸ್ವಲ್ಪ ಗಲಾಟೆಯಾಯಿತು. ಇಲ್ಲಿ ತೂಕ ಜಾಸ್ತಿ ಬರಬೇಕಲ್ಲ ಎಂದು ಬೆಳೆಗಾರರು ಕೇಳಿದರೆ, ತಕ್ಕಡಿಯ ತೂಕದ ಬಟ್ಟೂ ಅಷ್ಟೇ ಭಾರ ಆಗಿದೆ ಸ್ವಾಮಿ ಎಂದರು ವರ್ತಕರು. ವರ್ತಕರಿಗಿರುವ ಭೌತಶಾಸ್ತ್ರದ ಜ್ಞಾನ ಕಂಡು ರೇಣುಕಾಪ್ರಸಾದರು ಬೆರಗಾದರು.

ಅವರಿಗಂತೂ ಹೋದ ಜೀವ ಬಂದಂತಾಯಿತು. ಮಕ್ಕಳು ಯಾರೂ ಭೌತಶಾಸ್ತ್ರಕ್ಕೆ ಸೇರುತ್ತಿಲ್ಲವೆಂದು ವಿಭಾಗ ಮುಚ್ಚುವ ಮಾತು ನಡೆದಿತ್ತು. ಈಗ ಕೈಪಿಡಿಯಲ್ಲಿ ಹೊಸ ಕೋರ್ಸುಗಳು ಬಂದವು. ಮೊದಲ ಸೆಮಿಸ್ಟರಿಗೆ 'ಸ್ಥಳೀಯ ಗುರುತ್ವ ಪರಿಚಯ', ಎರಡನೆಯದಕ್ಕೆ 'ನಗರ ವ್ಯಾಪ್ತಿಯಲ್ಲಿ ಬೀಳುವಿಕೆ', ಕಲಾ ವಿಭಾಗದವರೂ ಓದಬಹುದಾದ 'ಗುರುತ್ವ ಮತ್ತು ನಮ್ಮ ಸಂಸ್ಕೃತಿ'. ಸೀಟೆಲ್ಲ ಭರ್ತಿಯಾಗಿ ಶಿಫಾರಸು ಪತ್ರಗಳು ಬರತೊಡಗಿದವು.

ಸುಮನಾ ಮತ್ತೆ ಬಂದಳು. ಈ ಸಲ ಮುಖದಲ್ಲಿ ನಗು.

"ಸಾರ್, ನನ್ನ ಉತ್ತರಾನೇ ಸರಿ ಅಂತ ಆಯ್ತಲ್ಲ. ಮಾರ್ಕ್ಸ್ ಹಾಕ್ಬಿಡಿ, ಮೈಸೂರಿಗೆ ಹೋಗ್ತೀನಿ."

"ಪ್ರಕಟಣೆ ಓದಿಲ್ವೇನಮ್ಮ? ಮುಂದಿನ ಸಾಲಿನಿಂದ ಅಂತಿದೆ. ನಿನ್ನ ಪರೀಕ್ಷೆ ದಿನ ಭೂಮಿ ಒಂಬತ್ತು ಪಾಯಿಂಟ್ ಎಂಟರಲ್ಲೇ ಎಳೀತಿತ್ತು."

"ಅಂದ್ರೆ ನಂದು ತಪ್ಪಾ?"

"ತಪ್ಪಲ್ಲ. ನೀನು ಮುಂಚಿತವಾಗಿ ಸರಿಯಾಗಿದ್ದೆ. ಮುಂಚಿತವಾಗಿ ಸರಿಯಾಗಿರೋಕೆ ನಿಯಮದಲ್ಲಿ ಅವಕಾಶ ಇಲ್ಲ."

ನಗು ಹೋಯಿತು. ಮೈಸೂರಿನವರು ಪೂರಕ ಪರೀಕ್ಷೆಯ ಫಲಿತಾಂಶದ ತನಕ ಕಾಯುತ್ತೇವೆ, ಅದರ ಮೇಲೆ ಒಂದು ದಿನವೂ ಇಲ್ಲ ಎಂದಿದ್ದರಂತೆ. ಪೂರಕ ಪರೀಕ್ಷೆ ಹೊಸ ಸಾಲಿನಲ್ಲಿ ಬರುತ್ತದೆ, ಈ ಸಲ ನಿನ್ನ ಉತ್ತರವೇ ಬೋರ್ಡ್ ಮೇಲಿರುತ್ತೆ, ಕಂಬದ ಹಿಂದೆ ಕೂರಿಸೋದಿಲ್ಲ ಎಂದು ನಾನೇ ಸಮಾಧಾನ ಮಾಡಿ ಕಳಿಸಿದೆ.

ಅಷ್ಟರಲ್ಲಿ ಭದ್ರಾವತಿ ಎದ್ದಿತು. ನ್ಯೂ ಟೌನಿನಲ್ಲಿ ನಮ್ಮದೇ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದಿದೆ. ಅಲ್ಲಿನ ಪ್ರಾಂಶುಪಾಲರಾದ ಜಯಶೀಲಾ ಮೇಡಂ ತಮ್ಮ ಹಳೇ ಸ್ಟಾಪ್‌ವಾಚಿನಲ್ಲಿ ಅಳೆಸಿ ನೋಡಿದರೆ ಬರೀ ಒಂಬತ್ತು ಪಾಯಿಂಟ್ ಎಂಟು. ಎರಡು ಬಸ್ಸು ಮಾಡಿಕೊಂಡು ಜನ ಬಂದು ನಮ್ಮ ಗೇಟಿನಲ್ಲಿ ಕೂತರು. 'ಬೇಕೇ ಬೇಕು, ಗುರುತ್ವ ಬೇಕು' ಎಂಬ ಕೂಗು ಮುಗಿಲು ಮುಟ್ಟಿತು.

"ಒಂದೇ ಜಿಲ್ಲೆ, ಒಂದೇ ವಿಶ್ವವಿದ್ಯಾಲಯ. ಅವರಿಗೆ ಹನ್ನೊಂದು, ನಮಗೆ ಒಂಬತ್ತು. ಎಲ್ಲದರಲ್ಲೂ ಹಿಂಗೇ ಮಾಡ್ತೀರಿ ನೀವು!" ಎಂದರು ಮೇಡಂ. ಕಣ್ಣಲ್ಲಿ ನೀರಿತ್ತು.

"ಅದು ಭೂಮಿ ಕೊಡೋದು ಮೇಡಂ, ನಾವು ಕೊಡೋದಲ್ಲ" ಎಂದರು ರೇಣುಕಾಪ್ರಸಾದರು.

"ಭೂಮಿ ಕಥೆ ನಂಗೆ ಹೇಳ್ಬೇಡಿ ಸಾರ್. ಆ ವಾಚ್ ಕೊಡಿ."

ಈ ಗಂಟನ್ನು ಬಿಡಿಸಿದವನು ನಾನೇ. ಹನ್ನೊಂದು ಪಾಯಿಂಟ್ ಎರಡು ನಮಗೆ ಮಂಜೂರಾಗಿ ಕಡತದಲ್ಲಿ ಭದ್ರವಾಗಿದೆ, ಇನ್ನು ವಾಚ್ ಇದ್ದರೂ ಒಂದೇ ಬಿಟ್ಟರೂ ಒಂದೇ. ಆದರೆ ದಾಸ್ತಾನಿನಲ್ಲಿ ಒಂದು ಸ್ಟಾಪ್‌ವಾಚ್ ಇರಲೇಬೇಕು. ಆದ್ದರಿಂದ ನಮ್ಮದನ್ನು ಅವರಿಗೆ ಕೊಟ್ಟು ಅವರದ್ದನ್ನು ನಾವು ಇಟ್ಟುಕೊಳ್ಳುವುದು ಎಂದು ಟಿಪ್ಪಣಿ ಮಂಡಿಸಿದೆ. ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು. ಸ್ಟಾಪ್‌ವಾಚನ್ನು ಹೂವಿನ ಹಾರ ಹಾಕಿದ ಜೀಪಿನಲ್ಲಿ ಡೊಳ್ಳು ಬಾರಿಸುತ್ತಾ ಭದ್ರಾವತಿಗೆ ಕರೆದೊಯ್ದರು. ಅದೇ ಸಂಜೆ ನ್ಯೂ ಟೌನಿನಲ್ಲಿ ಗುರುತ್ವ ಏರಿತು. ಲಡ್ಡು ಹಂಚಿದರು, ನನಗೂ ಒಂದು ಡಬ್ಬಿ ಕಳಿಸಿದ್ದರು.

ಪೂರಕ ಪರೀಕ್ಷೆಯ ದಿನ ಬಂತು. ಹೊನ್ನಯ್ಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಹೊಸ ಉತ್ತರ ಬರೆದ, ಕೆಳಗೆ ಹೊಸ ಸೆಕೆಂಡುಗಳನ್ನು ಬರೆದ. ಸುಮನಾಳನ್ನು ಮೊದಲ ಸಾಲಿನಲ್ಲೇ ಕೂರಿಸಿದ್ದೆವು. ಅವಳು ಬೋರ್ಡ್ ನೋಡಿ ಸಣ್ಣಗೆ ನಕ್ಕಳು, ತನ್ನದೇ ಉತ್ತರ ತಾನೆ! ಆಮೇಲೆ, ಏನು ಮಾಡುವುದು ಹುಟ್ಟುಗುಣ, ಎದ್ದು ಹೋಗಿ ಬೀರುವಿನಿಂದ ಸ್ಟಾಪ್‌ವಾಚ್ ಇಸಕೊಂಡಳು. ಲೋಲಕ ತೂಗಿಬಿಟ್ಟು ಎಣಿಸಿದಳು, ಇನ್ನೊಮ್ಮೆ ಎಣಿಸಿದಳು, ಲೆಕ್ಕ ಹಾಕಿದಳು.

ನಾನು ಹಾಜರಿ ಹಾಳೆಗೆ ಸಹಿ ಮಾಡಿಸಲು ಅವಳ ಪಕ್ಕಕ್ಕೆ ಹೋದೆ. ಕಚ್ಚಾ ಹಾಳೆಯ ಕೊನೆಯಲ್ಲಿ ಒಂಬತ್ತು ಪಾಯಿಂಟ್ ಎಂಟು ಎಂದಿತ್ತು.

ಭದ್ರಾವತಿಯ ಆ ಹಳೇ ವಾಚ್ ಸರಿಯಾಗಿ ಓಡುತ್ತದೆ ಎಂಬುದು ನನ್ನ ಟಿಪ್ಪಣಿಯಲ್ಲಿ ಎಲ್ಲೂ ಇರಲಿಲ್ಲ. ಪಠ್ಯಪುಸ್ತಕ ಅಚ್ಚಾಗಿದೆ, ಸೀಟು ಭರ್ತಿಯಾಗಿದೆ, ಶಾಲು ಹೊದಿಸಿಯಾಗಿದೆ. ಈ ಹುಡುಗಿ ಮತ್ತೆ ಬಂದಿದ್ದನ್ನೇ ಬರೆದರೆ ಮತ್ತೆ ಸಮಿತಿ, ಮತ್ತೆ ಭೂಮಿಗೆ ನೋಟಿಸ್. ಅವಳಿಗೆ ಮತ್ತೆ ಸೊನ್ನೆ. ಮೈಸೂರು ಕೈತಪ್ಪಿದಂತೆಯೇ.

ಸುಮನಾ ಆ ಹಾಳೆಯನ್ನು ನೋಡಿದಳು. ಬೋರ್ಡ್ ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಕೈ ಎತ್ತಿದಳು.

ರೇಣುಕಾಪ್ರಸಾದರು ಕುರ್ಚಿಯಿಂದ ಅರ್ಧ ಎದ್ದರು. "ಏ, ಏನಮ್ಮಾ?"

"ಸಾರ್, ಬೋರ್ಡಲ್ಲಿ ಕೊನೇ ಸಾಲಿನ ಸೆಕೆಂಡ್ ಅಳಿಸಿದಂಗಿದೆ. ಸ್ವಲ್ಪ ದೊಡ್ಡದಾಗಿ ಬರೀತೀರಾ?"

ಅವರು ಓಡಿಹೋಗಿ ತಾವೇ ಸೀಮೆಸುಣ್ಣ ಹಿಡಿದು ಬರೆದರು. ಸುಮನಾ ಕಚ್ಚಾ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಹೊಸ ಹಾಳೆ ತೆಗೆದು, ಕೆಳಗಿನಿಂದ ಮೇಲಕ್ಕೆ ಬರೆಯತೊಡಗಿದಳು. ಅವಳಿಗೆ ಪೂರ್ತಿ ಅಂಕ ಬಂದವು, ಈಗ ಮೈಸೂರಿನಲ್ಲಿ ಚೆನ್ನಾಗಿ ಓದುತ್ತಿದ್ದಾಳಂತೆ.

ಆ ದಿನ ಎಲ್ಲರೂ ಹೋದ ಮೇಲೂ ಲೋಲಕ ಇನ್ನೂ ಒಂದಿಷ್ಟು ತೂಗುತ್ತಲೇ ಇತ್ತು. ಬಾಗಿಲು ಹಾಕಲು ಹೊತ್ತಾಯಿತೆಂದು ಹೊನ್ನಯ್ಯ ಅದನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ.