ಬಲಕ್ಕೆ ತಿರುಗದ ಕತ್ತಿನ ಅರಿಕೆ

ಶಿವಮೊಗ್ಗ, ಏಪ್ರಿಲ್ ೧೯೯೮

ಆಲ್ಕೊಳ ಸರ್ಕಲ್‌ನ ಕತ್ತು ತಜ್ಞರಾದ ಶ್ರೀ ತ್ರಿವಿಕ್ರಮ ಅವರ ದಿವ್ಯ ಹಸ್ತಗಳಿಗೆ,

ಮಾನ್ಯರೇ,

ಹೊಸಮನೆಯ ಸಂಸ್ಕೃತ ಮೇಷ್ಟ್ರು ನರಸಿಂಹಮೂರ್ತಿಯ ನಮಸ್ಕಾರಗಳು. ತಲೆ ಬಾಗಿಸಲು ನನಗೇನೂ ತೊಂದರೆಯಿಲ್ಲ. ತಮ್ಮ ಕೃಪೆಯಿಂದ ಬಲಕ್ಕೆ ತಿರುಗಿಸುವುದಷ್ಟೇ ನಿಂತಿದೆ.

ಕಳೆದ ತಿಂಗಳು, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ದಿನ, ಸಣ್ಣ ಕತ್ತುನೋವೆಂದು ತಮ್ಮಲ್ಲಿಗೆ ಬಂದಾಗ, ತಾವು ಗದ್ದ ಹಿಡಿದು ಒಮ್ಮೆ ತಿರುವಿ, ಲಟಕ್ ಅಂತ ಕೇಳಿಸಿತೇ ಎಂದು ವಿಚಾರಿಸಿದಿರಿ. ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ತಂತಮ್ಮ ಲಟಕ್‌ಗಳನ್ನು ಹೆಮ್ಮೆಯಿಂದ ಎಣಿಸುತ್ತಿದ್ದರಿಂದ ನನಗೂ ಆಸೆಯಾಗಿ, ಕೇಳಿಸಲಿಲ್ಲ, ಇನ್ನೊಂದು ಸಲ ನೋಡಿ ಎಂದು ನಾನೇ ಬೇಡಿಕೊಂಡೆ. ಆಹಾ, ಎರಡನೇ ಸಲದ ಸದ್ದು ಬೀದಿಯವರೆಗೂ ಕೇಳಿಸಿತಂತೆ!

ಆಮೇಲೆ ಎಕ್ಸ್‌ರೇ ನೋಡಿದ ಡಾಕ್ಟರಿಗೆ ಮಾತ್ರ ಈ ಸಂಗೀತದ ಗಂಧಗಾಳಿಯಿಲ್ಲ. ತಲೆಬುರುಡೆಗೂ ಕತ್ತಿನ ಮೊದಲ ಮೂಳೆಗೂ ನಡುವಿನ ಕೀಲು ಹೌದೆಂದು ತಲೆಯಾಡಿಸಲಿಕ್ಕೆ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಿನದು ಇಲ್ಲವೆಂದು ಆಡಿಸಲಿಕ್ಕೆ, ಕತ್ತು ತಿರುಗುವುದರಲ್ಲಿ ಅರ್ಧ ಪಾಲು ಅದರದ್ದೇ, ಸದ್ದು ಬಂದ ಮಾತ್ರಕ್ಕೆ ಕೀಲು ಸರಿಹೋಯಿತೆಂದಲ್ಲ ಎಂದು, ಪಾಪ, ಓದಿದ್ದನ್ನೆಲ್ಲ ಹೇಳಿದರು. ಒಟ್ಟಿನಲ್ಲಿ ತಾವು ನನ್ನ ಇಲ್ಲವನ್ನು ಕಿತ್ತುಕೊಂಡು ಹೌದನ್ನು ಮಾತ್ರ ಉಳಿಸಿದ್ದೀರಿ. ನನ್ನ ಹೆಂಡತಿ ಜಗದಾಂಬಾ ತಮಗೆ ಚಿರಋಣಿ.

ತಾವು ಕತ್ತು ತಿರುವಿದ ಮರುದಿನವೇ ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಪರೀಕ್ಷಾ ಕೊಠಡಿ ಕಾಯಲು ನಿಂತೆ. ಎಡಗಡೆಯ ಸಾಲು ನನ್ನ ನೋಟಕ್ಕೆ ಬೆವರಿತು. ಬಲಗಡೆಯ ಸಾಲು ಗೈಡು ಬಿಚ್ಚಿಕೊಂಡು ನೆಮ್ಮದಿಯಾಗಿ ಬರೆಯಿತು. ಗಾಣದೆತ್ತಿನ ಹಾಗೆ ಇಡೀ ಮೈ ತಿರುಗಿಸಿ ನೋಡುವಷ್ಟರಲ್ಲಿ ಗೈಡುಗಳು ಅಂಗಿಯೊಳಗೆ ಸೇರಿರುತ್ತಿದ್ದವು. ಸ್ಕ್ವಾಡ್‌ನವರು ಬಂದು ಏಳು ಹುಡುಗರನ್ನು ಹಿಡಿದರು, ಎಂಟನೆಯವನಾಗಿ ನನ್ನನ್ನು.

ಸೋಮವಾರ ವಿಚಾರಣೆ. ನಿವೃತ್ತಿಗೆ ಎರಡೇ ತಿಂಗಳು. ಮೂವತ್ತು ವರ್ಷ ಒಂದು ನಕಲು ಚೀಟಿಯನ್ನೂ ಬಿಡದವನು ಈಗ ನಕಲಿಗೆ ಕುಮ್ಮಕ್ಕು ಕೊಟ್ಟ ಮೇಷ್ಟ್ರು ಎನಿಸಿಕೊಂಡು ಮನೆಗೆ ಹೋಗಬೇಕಲ್ಲ ಎಂದು ಹೊಟ್ಟೆ ಉರಿಯುತ್ತದೆ ಸ್ವಾಮಿ. ಪರೀಕ್ಷೆಯ ಹಿಂದಿನ ದಿನ ಈ ಕತ್ತು ತಿರುಚಿದವನು ನಾನೇ ಎಂದು ತಾವು ಒಂದು ಸಾಲು ಬರೆದುಕೊಡಿ, ಸಾಕು. ಮೊನ್ನೆ ಕೇಳಿದಾಗ ನನ್ನ ಮುಖವೇ ನೆನಪಿಲ್ಲವೆಂದಿರಿ. ಕತ್ತು ನೋಡಿಯಾದರೂ ನೆನಪು ಮಾಡಿಕೊಳ್ಳಿ.

ಸದಾ ಎಡಕ್ಕೇ ನೋಡುತ್ತಿರುವ,
ತಮ್ಮ ವಿಶ್ವಾಸಿ,
ನರಸಿಂಹಮೂರ್ತಿ

ತಾ.ಕ.: ಆ ಸಾಲನ್ನು ಬೇರೆಯವರ ಕೈಲಿ ಬರೆಸುವುದು ಬೇಡ, ತಾವೇ ಟೈಪ್ ಮಾಡಿ. ತಮ್ಮ ಬಲಗೋಡೆಗೆ ಗಾಜು ಹಾಕಿಸಿ ತೂಗುಹಾಕಿರುವ ಸರ್ಟಿಫಿಕೇಟನ್ನು ನನಗಂತೂ ತಿರುಗಿ ಓದಲಾಗಲಿಲ್ಲ. ಮೊನ್ನೆ ಜಗದಾಂಬಾ ಓದಿಕೊಂಡು ಬಂದಳು. ಟೈಪ್‌ರೈಟಿಂಗ್, ಜೂನಿಯರ್ ಗ್ರೇಡ್, ಸೆಕೆಂಡ್ ಕ್ಲಾಸ್.