ಕಾದಿಸ್ ಬಂದರಿನಲ್ಲಿ ನನ್ನ ಸ್ಪ್ಯಾನಿಷ್

ಸ್ಪೇನಿಗೆ ಹೋಗುವ ಮೊದಲೇ ನನಗೆ ಸ್ಪ್ಯಾನಿಷ್ ಬರುತ್ತಿತ್ತು. ಈ ವಿಷಯ ಸ್ಪೇನಿನವರಿಗೆ ಮಾತ್ರ ಗೊತ್ತಿರಲಿಲ್ಲ.

ಚೆನ್ನೈನಲ್ಲಿ ನಮ್ಮ ಮನೆ ಮಾಧವರಂನಲ್ಲಿ, ಕೆಲಸ ಮಣಲಿಯ ಕಾರ್ಖಾನೆಯಲ್ಲಿ. ನಡುವಿನ ರಸ್ತೆಯಲ್ಲಿ ಕಂಪನಿ ಬಸ್ಸು ಟ್ಯಾಂಕರ್ ಲಾರಿಗಳ ಹಿಂದೆ ತೆವಳುತ್ತದೆ. ಉಳಿದವರು ನಿದ್ದೆ ಹೊಡೆಯುವಾಗ ನಾನು ಮೊಬೈಲಿನ ಆ್ಯಪ್ ಹಾಕಿಕೊಂಡು ಸ್ಪ್ಯಾನಿಷ್ ಕಲಿತೆ. ಮದುವೆಯ ಬೆಳ್ಳಿಹಬ್ಬಕ್ಕೆಂದು ನಾನು ಮತ್ತು ಹೆಂಡತಿ ಸುಧಾ ಯುರೋಪಿನ ಹಡಗು ಪ್ರವಾಸಕ್ಕೆ ಹೊರಟಿದ್ದೆವು. ‘ಹುಡುಗಿ ಸೇಬು ತಿನ್ನುತ್ತಾಳೆ’, ‘ವಸಂತವು ಒಂದು ಋತು’ ಮುಂತಾದ ವಾಕ್ಯಗಳನ್ನು ನಾನು ತಡೆಯಿಲ್ಲದೆ ಹೇಳುತ್ತಿದ್ದೆ. ಪಕ್ಕದ ಸೀಟಿನ ಸಹೋದ್ಯೋಗಿ ಅದನ್ನು ಯಾವುದೋ ಸ್ತೋತ್ರವೆಂದು ತಿಳಿದು ಕಾಲು ಮಡಚಿ ಕೂರುತ್ತಿದ್ದರು.

ಏಪ್ರಿಲ್‌ನ ಒಂದು ಬೆಳಿಗ್ಗೆ ಹಡಗು ಸ್ಪೇನಿನ ಕಾದಿಸ್ ಬಂದರಿಗೆ ಬಂತು. ಸಂಜೆ ಐದಕ್ಕೆ ಮತ್ತೆ ಹೊರಡುತ್ತದೆ. ಪ್ರಯಾಣಿಕರಿಗೆ ಊರು ತೋರಿಸಲು ಹಡಗಿನವರದೇ ಬಸ್ಸಿತ್ತು. ನಾನು ಬೇಡವೆಂದೆ. ಚೆನ್ನೈನಿಂದ ಮಗಳು ಹಡಗಿನ ವೈಫೈನಲ್ಲಿ ಸಿಕ್ಕಿದಳು. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ಹುಡುಗಿ ಅವಳು.

“ಅಪ್ಪಾ, ಬಸ್ಸುಲಯೇ ಪೋಂಗ. ರಿಸ್ಕ್ ವೇಂಡಾಂ.”

“ಭಾಷೆ ಬರೋನಿಗೆ ಬಸ್ ಯಾಕಮ್ಮಾ?” ಎಂದೆ. ಅದೇ ಕಾರಣಕ್ಕೆ ಹೊರಗೆ ಮೊಬೈಲಿಗೆ ನೆಟ್‌ವರ್ಕನ್ನೂ ಹಾಕಿಸಿರಲಿಲ್ಲ.

ಕಾದಿಸ್ ಬಹಳ ಹಳೆಯ ಊರು. ಸುತ್ತಲೂ ಸಮುದ್ರ, ಒಳಗೆ ಇಕ್ಕಟ್ಟಾದ ಗಲ್ಲಿಗಳು, ಬೀದಿಯುದ್ದಕ್ಕೂ ಹೂಬಿಟ್ಟ ಕಿತ್ತಳೆ ಮರಗಳು. ಎಷ್ಟೋ ಮನೆಗಳ ತಾರಸಿಯ ಮೇಲೆ ಪುಟ್ಟ ಗೋಪುರ. ಹಿಂದೆ ವ್ಯಾಪಾರಿಗಳು ಅದರಲ್ಲಿ ನಿಂತು ತಮ್ಮ ಹಡಗು ಬಂತೇ ಎಂದು ನೋಡುತ್ತಿದ್ದರಂತೆ.

“ಬರ್ದೇ ಇದ್ರೆ ಏನ್ ಮಾಡ್ತಿದ್ರಂತೆ?” ಎಂದು ಸುಧಾ ಕೇಳಿದಳು. ಇಂಡಿಯಾ ಹುಡುಕಲು ಹೊರಟು ಅಮೆರಿಕ ಮುಟ್ಟಿದ ನಾವಿಕ ಒಮ್ಮೆ ಇಲ್ಲಿಂದಲೂ ಹಡಗು ಬಿಟ್ಟಿದ್ದ ಎಂದು ಹೇಳಿ ಮಾತು ತಿರುಗಿಸಿದೆ.

ಮಧ್ಯಾಹ್ನ ಹಡಗಿಗೆ ಮರಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕೊಲ್ಲಿಯ ಆಚೆ ದಡದಲ್ಲಿ ಇನ್ನೊಂದು ಬಿಳಿಯ ಊರು ಕಾಣುತ್ತಿತ್ತು. ಅಲ್ಲಿಗೆ ದೋಣಿಯೂ ಇತ್ತು.

“ಆ ಕಡೆ ಏನಿರ್ಬೋದು ರೀ?” ಎಂದಳು ಸುಧಾ. ನನಗೆ ಅಷ್ಟು ಸಾಕಾಯಿತು.

ಎಲ್ ಪುಯೆರ್ತೊ ಎಂಬ ಆ ಊರಿನಲ್ಲಿ ಇಳಿದರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಔಷಧಿ ಅಂಗಡಿಯ ಬಾಗಿಲಿಗೆ ‘ಸೆರ್ರಾದೊ’ ಎಂಬ ಬೋರ್ಡು. ಬೇಕರಿಗೂ ಸೆರ್ರಾದೊ. ನಾವು ನೋಡಬೇಕೆಂದು ಬಂದ ಹಳೆಯ ಕೋಟೆಗೂ ಸೆರ್ರಾದೊ.

“ಈ ಸೆರ್ರಾದೊ ಮನೆತನದವರು ಎಂಥಾ ಸಾಹುಕಾರರಿರ್ಬೇಕು ನೋಡು. ಕೋಟೆನೂ ಅವರದ್ದೇ.”

“ಅಷ್ಟು ಸಾಹುಕಾರರು ಒಂದು ಬಾಗಿಲಾದ್ರೂ ತೆಗೀಬಾರ್ದಾ?”

ಸೆರ್ರಾದೊ ಎಂದರೆ ‘ಮುಚ್ಚಿದೆ’ ಎಂದು ನನಗೆ ತಿಳಿದದ್ದು ಹಡಗಿನ ವೈಫೈ ಸಿಕ್ಕಮೇಲೆ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗಿತ್ತು.

ತೆರೆದಿದ್ದದ್ದು ಒಂದೇ ಮನೆಯ ಕಬ್ಬಿಣದ ಗೇಟು. ಸುಧಾ ಒಳಗೆ ಇಣುಕಿದಳು. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತಲೂ ಕಂಬ, ಗೋಡೆಯ ತುಂಬ ಹೂಕುಂಡ. “ರೀ, ಥೇಟ್ ನಮ್ಮ ತೊಟ್ಟಿಮನೆ” ಎಂದು ಕೂಗಿದಳು. ಆ ದನಿ ಕೇಳಿ ಏಪ್ರನ್ ಕಟ್ಟಿದ ಅಜ್ಜಿಯೊಬ್ಬರು ಹೊರಬಂದು ನಮ್ಮನ್ನು ಒಳಗೆ ಕರೆದರು. ಸುಧಾ ಕನ್ನಡದಲ್ಲಿ, ಅಜ್ಜಿ ಸ್ಪ್ಯಾನಿಷ್‌ನಲ್ಲಿ ಹೂಗಿಡಗಳ ಬಗ್ಗೆ ಮಾತಿಗಿಳಿದರು. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ನನಗೆ ಮಾತ್ರ ಕುರ್ಚಿ ಬೇಕಿತ್ತು. ‘ನನಗೆ ಸುಸ್ತಾಗಿದೆ’ ಎಂದು ಸ್ಪಷ್ಟ ಸ್ಪ್ಯಾನಿಷ್‌ನಲ್ಲಿ ಹೇಳಿದೆ. ಅಜ್ಜಿ ನನ್ನನ್ನು ನೋಡಿದರು, ಸುಧಾಳನ್ನು ನೋಡಿದರು, ಅವಳ ಬೆನ್ನು ಸವರಿದರು. ಕುರ್ಚಿಯನ್ನು ಅವಳಿಗೆ ಕೊಟ್ಟರು.

ನಾನು ಹೇಳಿದ್ದು ‘ನನಗೆ ಮದುವೆಯಾಗಿದೆ’ ಎಂದಾಗಿತ್ತಂತೆ. ಎರಡು ಮಾತಿಗೂ ಒಂದೇ ಅಕ್ಷರದ ವ್ಯತ್ಯಾಸ. ಅರ್ಥದಲ್ಲಿ ಅಷ್ಟೂ ವ್ಯತ್ಯಾಸವಿಲ್ಲ ಎಂಬುದು ಸುಧಾಳ ಅಭಿಪ್ರಾಯ.

ದೋಣಿಕಟ್ಟೆಗೆ ಮರಳುವ ಹೊತ್ತಿಗೆ ಗಾಳಿ ಎದ್ದಿತ್ತು. ಸುಧಾಳ ಸೆರಗು ಬಾವುಟದ ಹಾಗೆ ಹಾರುತ್ತಿತ್ತು. ದೋಣಿ ಇರಲಿಲ್ಲ. ಟಿಕೆಟ್ ಕೊಡುವವನು ಸಮುದ್ರ ತೋರಿಸಿ ಕೈಯಾಡಿಸಿ, ಆಮೇಲೆ ಊರಿನ ಕಡೆ ಬೆರಳು ಮಾಡಿ, “ಎಸ್ತಾಸಿಯೋನ್, ಎಸ್ತಾಸಿಯೋನ್” ಎಂದ.

ನನಗೆ ರೋಮಾಂಚನವಾಯಿತು. ಇದು ನನಗೆ ಗೊತ್ತಿದ್ದ ಪದ! ‘ವಸಂತವು ಒಂದು ಋತು’ ಎಂಬ ವಾಕ್ಯದ ಋತು.

“ಈ ಋತುನಲ್ಲಿ ಗಾಳಿ ಹೀಗೇ ಅಂತಿದಾನೆ. ಕೂತ್ಕೋ, ನಿಲ್ಲುತ್ತೆ” ಎಂದೆ. ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಅವನು ಹೊರಗೆ ಬಂದು ಇನ್ನೂ ಜೋರಾಗಿ “ಎಸ್ತಾಸಿಯೋನ್” ಎಂದ. “ಹೌದು, ವಸಂತ. ತುಂಬ ಚೆನ್ನಾಗಿದೆ” ಎಂದು ಸ್ಪ್ಯಾನಿಷ್‌ನಲ್ಲೇ ಉತ್ತರಿಸಿದೆ. ಅವನು ಆಕಾಶ ನೋಡಿ ಒಳಗೆ ಹೋದ.

ಕೊಲ್ಲಿಯ ಆಚೆ ನಮ್ಮ ಹಡಗು ಕಾಣುತ್ತಿತ್ತು. ಅದರ ಚಿಮಣಿಯಿಂದ ಹೊಗೆ ಬರಲು ಶುರುವಾಯಿತು. ಸುಧಾ ಎದ್ದು ನಿಂತಳು.

“ನಮ್ಮ ಪಾಸ್‌ಪೋರ್ಟು ಅದರೊಳಗಿದೆ ಅಲ್ವಾ?”

“ಹೂಂ.”

“ನಿಮ್ಮ ಋತು ಮುಗಿಯೋ ತನಕ ನಾನು ಕಾಯಲ್ಲ.”

ಅವಳು ಸರಸರನೆ ಅಜ್ಜಿಯ ಮನೆಗೆ ನಡೆದಳು. ನಾನು ಹಿಂದೆ ಓಡಿದೆ. ಅಲ್ಲಿ ಬಾಯಿ ತೆರೆಯುವಷ್ಟರಲ್ಲಿ “ನೀವು ಸುಮ್ನಿರಿ” ಎಂದಳು. ಅಜ್ಜಿಯ ಕೈ ಹಿಡಿದುಕೊಂಡು, “ಅಜ್ಜೀ, ದೋಣಿ ಇಲ್ಲ. ಹಡಗು ಹೊರಟುಹೋಗುತ್ತೆ. ಹೇಗ್ ಹೋಗೋದು ಹೇಳಿ” ಎಂದಳು. ಅಚ್ಚಗನ್ನಡ. ಹೇಳುತ್ತಲೇ ಸಮುದ್ರದ ಕಡೆ ಕೈ ತೋರಿಸಿದಳು.

ಅಜ್ಜಿ ಏಪ್ರನ್ ಬಿಚ್ಚಿ ಎಸೆದರು. ಸುಧಾಳ ತೋಳು ಹಿಡಿದು ಗಲ್ಲಿಯಿಂದ ಗಲ್ಲಿಗೆ ನಮ್ಮನ್ನು ಓಡಿಸಿಕೊಂಡು ಹೋಗಿ ಒಂದು ಕಟ್ಟಡದ ಮುಂದೆ ನಿಲ್ಲಿಸಿದರು. ಮೇಲೆ ದಪ್ಪಕ್ಷರದಲ್ಲಿ ‘ಎಸ್ತಾಸಿಯೋನ್’ ಎಂದು ಬರೆದಿತ್ತು. ಒಳಗೆ ಹಳಿ. ಹಳಿಯ ಮೇಲೆ ಕಾದಿಸ್‌ಗೆ ಹೋಗುವ ರೈಲು. ಸ್ಪ್ಯಾನಿಷ್‌ನಲ್ಲಿ ಋತುವಿಗೂ ರೈಲು ನಿಲ್ದಾಣಕ್ಕೂ ಒಂದೇ ಪದ. ನನ್ನ ಪಾಠ ಇನ್ನೂ ನಿಲ್ದಾಣ ಮುಟ್ಟಿರಲಿಲ್ಲ.

ಅಜ್ಜಿ ಸುಧಾಳ ಎರಡೂ ಕೆನ್ನೆಗೆ ಮುತ್ತಿಟ್ಟು ಬೀಳ್ಕೊಟ್ಟರು. ನನ್ನ ಕಡೆ ಬೆರಳು ಅಲ್ಲಾಡಿಸಿದರು.

ರೈಲು ಕೊಲ್ಲಿಯನ್ನು ಬಳಸಿಕೊಂಡು ಹೋಗುತ್ತದೆ. ನಾನು ಗಡಿಯಾರ ನೋಡುತ್ತ ಬೆವರುತ್ತಿದ್ದೆ. ಸುಧಾ ಆಗಲೂ ಕಿಟಕಿಗೆ ಹಣೆ ಹಚ್ಚಿದ್ದಳು. “ಉಪ್ಪಿನ ಗದ್ದೆ ನೋಡಿ ರೀ. ನಮ್ಮ ಚೆನ್ನೈನಲ್ಲಿ ತಿರುವೊಟ್ಟಿಯೂರು ದಾಟಿ ಎಣ್ಣೂರಿನ ಕಡೆ ಹೋದ್ರೆ ಇಲ್ವಾ, ಹಾಗೇ ಇದೆ.” ನಾನು ಮಾತಾಡಲಿಲ್ಲ. ಯಾವ ಭಾಷೆಯಲ್ಲೂ.

ಬಂದರಿನಲ್ಲಿ ಓಡಿದೆವು. ಹಡಗಿನ ಅಂಚಿನುದ್ದಕ್ಕೂ ಜನ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಸ್ವಾಗತವಿರಬೇಕೆಂದು ನಾನು ಕೈ ಬೀಸಿದೆ. ಸುಧಾ ತಲೆ ತಗ್ಗಿಸಿ ಇನ್ನಷ್ಟು ಜೋರಾಗಿ ಓಡಿದಳು. ಏಣಿ ಎಳೆದುಕೊಳ್ಳಲು ಹಗ್ಗಕ್ಕೆ ಕೈ ಹಾಕಿದ್ದ ಸಿಬ್ಬಂದಿಯವನು, ನಿಮ್ಮ ಹೆಸರನ್ನು ಆಗಿನಿಂದ ಧ್ವನಿವರ್ಧಕದಲ್ಲಿ ಕೂಗುತ್ತಲೇ ಇದ್ದೇವೆ ಎಂದು ವಿನಯದಿಂದ ತಿಳಿಸಿದ.

ರಾತ್ರಿ ಊಟದ ಮೇಜಿನಲ್ಲಿ ನಾಗಪುರದ ದಂಪತಿ ಎದುರಿಗೆ ಕೂತರು. ಬಸ್ಸಿನಲ್ಲಿ ಹೋಗಿ ಬಂದ ಬುದ್ಧಿವಂತರು.

“ಅಲ್ಲಿ ಇಂಗ್ಲಿಷ್ ಯಾರಿಗೂ ಬರಲ್ವಂತೆ. ಭಾಷೆ ಬರದೆ ಹೇಗೆ ವಾಪಸ್ ಬಂದ್ರಿ?” ಎಂದು ಆ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. ಸುಧಾ ಮೊದಲೇ ಹೇಳಿಬಿಟ್ಟಳು.

“ಕೊನೇಲಿ ಸ್ವಲ್ಪ ಹೊತ್ತು ಇವರು ಮಾತಾಡೋದು ನಿಲ್ಸಿದ್ರು. ಅದಕ್ಕೇ ಬಂದ್ವಿ.”

ಇದಕ್ಕೆ ತಕ್ಕ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸೂಪು ಬಂತು. ಕುಡಿದೆ.